ಹೊಟ್ಟೆಯಲ್ಲಿರುವ ಮಗುವಿನ ಹೃದಯದ ತೊಂದರೆ ಸ್ಕ್ಯಾನಿಂಗ್‌ನಲ್ಲಿ ತಿಳಿಯುತ್ತದೆಯೇ?

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರರು. ನನಗೆ ಈಗ ಎರಡನೇ ಬಸಿರು, 19 ವಾರ ತುಂಬಿದೆ. ಜುಲೈ ಕೊನೆಯ ವಾರ ಹೆರಿಗೆ ಎಂದು ದಿನ ಕೊಟ್ಟಿದ್ದಾರೆ. ಮೊದಲ ಮಗಳಿಗೆ ಹೃದಯದಲ್ಲಿ ವಿ.ಎಸ್.ಡಿ. ಎಂಬ ರಂಧ್ರವಿದ್ದು, ಒಂದೂವರೆ ವರ್ಷದವಳಿದ್ದಾಗ ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ಈಗ ಚೆನ್ನಾಗಿದ್ದಾಳೆ. ಮೊನ್ನೆ ಶಿವಮೊಗ್ಗದಲ್ಲಿ ಮಗುವಿನ ಅಂಗಾಂಗಗಳನ್ನು ನೋಡುವ ಅನಾಮಲಿ ಸ್ಕ್ಯಾನ್ ಮಾಡಿಸಿದಾಗ ಮಗು ಬೋರಲಾಗಿದ್ದುದರಿಂದ ಹೃದಯ ಪೂರ್ತಿ ಕಾಣಲಿಲ್ಲ, ಎರಡು ವಾರ ಬಿಟ್ಟು ಫೀಟಲ್ ಎಕೋ ಮಾಡಿಸಿ ಎಂದರು. ಪದೇ ಪದೇ ಸ್ಕ್ಯಾನ್ ಮಾಡಿಸಿದರೆ ಮಗುವಿಗೆ ಪೆಟ್ಟು ಎಂದು ಅತ್ತೆಯವರಿಗೆ ಭಯ. ಮೊದಲ ಬಸಿರಿನಲ್ಲಿ ಗ್ರಹಣದ ದಿನ ಅಡಿಕೆ ಸುಲಿದದ್ದಕ್ಕೇ ಮಗಳಿಗೆ ಹಾಗಾಯಿತು ಎಂದೂ ಮನೆಯಲ್ಲಿ ಮಾತಿದೆ. ಈ ಪರೀಕ್ಷೆಯಲ್ಲಿ ಎಲ್ಲವೂ ತಿಳಿಯುತ್ತದೆಯೇ? ತೊಂದರೆ ಕಂಡರೆ ಹುಟ್ಟುವ ಮೊದಲೇ ಏನಾದರೂ ಮಾಡಲು ಸಾಧ್ಯವೇ? ಹೆರಿಗೆಗೆ ಕೊಪ್ಪದ ತವರುಮನೆಗೆ ಹೋಗಬಹುದೇ?

ಉತ್ತರ: ಫೀಟಲ್ ಎಕೋ, ಅಂದರೆ ಹೊಟ್ಟೆಯಲ್ಲಿರುವ ಮಗುವಿನ ಹೃದಯವನ್ನೇ ವಿವರವಾಗಿ ನೋಡುವ ಸ್ಕ್ಯಾನ್, ಖಂಡಿತ ಮಾಡಿಸಿಕೊಳ್ಳಿ, 22ನೇ ವಾರ ದಾಟಲು ಬಿಡಬೇಡಿ. ನಿಮ್ಮ ಡಾಕ್ಟರು ಇದನ್ನು ಸೂಚಿಸಲು ಮಗು ಬೋರಲಾಗಿದ್ದುದಷ್ಟೇ ಕಾರಣವಲ್ಲ. ಒಂದು ಮಗುವಿಗೆ ಹುಟ್ಟಿನಿಂದ ಹೃದಯದ ದೋಷವಿದ್ದ ತಾಯಿಗೆ, ಮುಂದಿನ ಬಸಿರಿನಲ್ಲಿ ಹೃದಯ ಚೆನ್ನಾಗಿ ಕಂಡಿದ್ದರೂ ಈ ಪರೀಕ್ಷೆಯನ್ನು ಹೇಳುವುದು ರೂಢಿ. ಸಾಮಾನ್ಯವಾಗಿ ಹುಟ್ಟುವ 1000 ಮಕ್ಕಳಲ್ಲಿ 8–9 ಮಕ್ಕಳ ಹೃದಯದಲ್ಲಿ ಹುಟ್ಟಿನಿಂದಲೇ ಬಂದ ಏನಾದರೊಂದು ದೋಷವಿರುತ್ತದೆ. ಮೊದಲ ಮಗುವಿಗೆ ಅಂಥ ದೋಷವಿದ್ದರೆ ಎರಡನೆಯ ಮಗುವಿಗೆ ಬರುವ ಸಾಧ್ಯತೆ 100ಕ್ಕೆ 2–3ರಷ್ಟಾಗುತ್ತದೆ. ಅಂದರೆ ನಿಮ್ಮಂಥ ನೂರು ತಾಯಂದಿರಲ್ಲಿ 97 ಮಂದಿಯ ಮಗುವಿನ ಹೃದಯ ಸರಿಯಾಗಿಯೇ ಇರುತ್ತದೆ. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಪರೀಕ್ಷೆಗೆ ಹೋಗಿ, ಹೆದರಿಕೊಂಡು ಹೋಗುವ ಪ್ರಮೇಯವಿಲ್ಲ.

ಗ್ರಹಣದ ಮಾತನ್ನು ಇಲ್ಲಿಗೇ ಬಿಟ್ಟುಬಿಡಿ. ಬಸಿರಿನ 6ನೇ ವಾರದ ಹೊತ್ತಿಗೆ ಮಗುವಿನ ಹೃದಯ ಬಡಿಯಲು ತೊಡಗಿ, 10ನೇ ವಾರದ ಹೊತ್ತಿಗೆ ಅದರ ಕೋಣೆಗಳು, ಗೋಡೆಗಳು, ಕವಾಟಗಳು ರೂಪುಗೊಂಡು ಮುಗಿದಿರುತ್ತವೆ. ಬಹುಪಾಲು ಹೆಂಗಸರಿಗೆ ತಾವು ಬಸಿರೆಂದು ಖಚಿತವಾಗುವಷ್ಟರಲ್ಲಿ ಆ ಕೆಲಸ ಅರ್ಧ ಆಗಿಹೋಗಿರುತ್ತದೆ. ಬಸಿರಿಗೆ ಮೊದಲೇ ಇದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಮೊದಲ ತಿಂಗಳುಗಳಲ್ಲಿ ತಗಲುವ ರುಬೆಲ್ಲಾ, ಮೂರ್ಛೆರೋಗಕ್ಕೂ ಮೊಡವೆಗೂ ಕೊಡುವ ಕೆಲವು ಮಾತ್ರೆಗಳು, ವರ್ಣತಂತುಗಳ ವ್ಯತ್ಯಾಸ, ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಇವೆಲ್ಲ ಸಾಧ್ಯತೆಯನ್ನು ಹೆಚ್ಚಿಸುವ ಸಂಗತಿಗಳೆಂದು ಗೊತ್ತಿದೆ. ಆದರೆ ದೋಷವಿರುವ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವುದು ಇಂಥ ಯಾವ ಕಾರಣವೂ ಇಲ್ಲದ ಮನೆಗಳಲ್ಲೇ. ಅಂಗಳದಲ್ಲಿ ಕುಳಿತು ಅಡಿಕೆ ಸುಲಿದ ತಾಯಿಯ ಕೈಯಿಂದ ಯಾವ ಮಗುವಿನ ಹೃದಯದಲ್ಲೂ ರಂಧ್ರವಾಗಿಲ್ಲ. ಈ ಮಾತನ್ನು ನಿಮ್ಮ ಅತ್ತೆಯವರ ಎದುರೇ ಓದಿ ಹೇಳಿ.

ಅವರ ಇನ್ನೊಂದು ಭಯ ಸ್ಕ್ಯಾನಿಂಗ್ ಬಗ್ಗೆ. ಇದರಲ್ಲಿ ಎಕ್ಸ್‌ರೇ ಇಲ್ಲ, ವಿಕಿರಣವಿಲ್ಲ. ನಮ್ಮ ಕಿವಿಗೆ ಕೇಳಿಸದಷ್ಟು ಹೆಚ್ಚಿನ ಕಂಪನದ ಶಬ್ದವನ್ನು ಪ್ರೋಬ್ ಹೊರಡಿಸುತ್ತದೆ, ಮಗುವಿನ ದೇಹಕ್ಕೆ ತಾಗಿ ಮರಳಿದ ಪ್ರತಿಧ್ವನಿಯಿಂದ ಪರದೆಯ ಮೇಲೆ ಚಿತ್ರ ಮೂಡುತ್ತದೆ. ದಶಕಗಳಿಂದ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಈ ಪರೀಕ್ಷೆಯಿಂದ ಮಕ್ಕಳಿಗೆ ಹಾನಿಯಾದುದು ಸಿದ್ಧವಾಗಿಲ್ಲ. ಹಾಗೆಂದು ಕಾರಣವಿಲ್ಲದೆ, ಮಗುವಿನ ಮುಖ ನೋಡುವ ಆಸೆಗಾಗಿ ಗಂಟೆಗಟ್ಟಲೆ ಮಾಡಿಸುವುದು ಸರಿಯಲ್ಲ. ರಕ್ತದ ಹರಿವು ನೋಡುವ ಡಾಪ್ಲರನ್ನು ಬೇಕಾದಷ್ಟೇ ಹೊತ್ತು ಬಳಸಬೇಕೆಂಬ ಶಿಸ್ತು ನಮಗೂ ಇದೆ. ನಿಮ್ಮ ವಿಷಯದಲ್ಲಿ ಕಾರಣ ಸ್ಪಷ್ಟವಾಗಿದೆ, ಹಿಂಜರಿಯಬೇಡಿ.

ಪರೀಕ್ಷೆಯಲ್ಲಿ ನಾವು ನೋಡುವುದೇನು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಯಾವುದು ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ. 20 ವಾರದ ಮಗುವಿನ ಹೃದಯದ ಉದ್ದ ಸುಮಾರು 2 ಸೆಂಟಿಮೀಟರ್. ಅದರಿಂದ ಹೊರಡುವ ಮಹಾಪಧಮನಿಯ ಅಗಲ ಸುಮಾರು 3 ಮಿಲಿಮೀಟರ್. ಅದೂ ನಿಮಿಷಕ್ಕೆ 140ರ ಆಸುಪಾಸಿನಲ್ಲಿ ಬಡಿಯುತ್ತಿರುತ್ತದೆ, ಮಗು ಹೊರಳುತ್ತಿರುತ್ತದೆ. ಮೊದಲು ಮಗುವಿನ ಎಡ ಯಾವುದು, ಬಲ ಯಾವುದು ಎಂದು ಗೊತ್ತುಮಾಡಿಕೊಂಡು, ಅದರ ಜಠರವೂ ಹೃದಯವೂ ಒಂದೇ ಬದಿಗಿವೆಯೇ ಎಂದು ನೋಡುತ್ತೇವೆ. ಆಮೇಲೆ ಎದೆಯನ್ನು ಅಡ್ಡಲಾಗಿ ಕೊಯ್ದಂತೆ ಕಾಣುವ ನೋಟದಲ್ಲಿ ನಾಲ್ಕು ಕೋಣೆಗಳು ಕಾಣುತ್ತವೆ: ಹಿಂದೆ ಬೆನ್ನುಮೂಳೆಯ ಕಡೆಗೆ ಎರಡು ಹೃತ್ಕರ್ಣಗಳು (ಮೇಲಿನ ಕೋಣೆಗಳು), ಮುಂದೆ ಎರಡು ಹೃತ್ಕುಕ್ಷಿಗಳು (ಕೆಳಗಿನ ಕೋಣೆಗಳು). ಹೃದಯವು ಎದೆಯ ಮೂರನೇ ಒಂದು ಭಾಗವನ್ನು ತುಂಬಿರಬೇಕು, ಅದರ ತುದಿ ಸುಮಾರು 45 ಡಿಗ್ರಿ ಎಡಕ್ಕೆ ವಾಲಿರಬೇಕು. ಎಡ–ಬಲ ಕೋಣೆಗಳು ಹೆಚ್ಚುಕಡಿಮೆ ಸಮವಾಗಿರಬೇಕು. ಮಧ್ಯದಲ್ಲಿ ಗೋಡೆಗಳೂ ಕವಾಟಗಳೂ ಕೂಡುವಲ್ಲಿ ಬಲಗಡೆಯ ಕವಾಟ ಎಡಗಡೆಯದಕ್ಕಿಂತ ಕೂದಲೆಳೆಯಷ್ಟು ತುದಿಯ ಕಡೆಗೆ ಸರಿದಿರುತ್ತದೆ. ಆ ವ್ಯತ್ಯಾಸ ಕಾಣದೆ ಎರಡೂ ಒಂದೇ ಗೆರೆಯಲ್ಲಿದ್ದರೆ, ಡೌನ್ ಸಿಂಡ್ರೋಮ್‌ನ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ದೊಡ್ಡದೊಂದು ದೋಷದ ಶಂಕೆ ಬರುತ್ತದೆ. ಮೇಲಿನ ಎರಡು ಕೋಣೆಗಳ ನಡುವೆ ಪುಟ್ಟದೊಂದು ಪರದೆ ಎಡಕ್ಕೆ ಬಡಿದಾಡುವುದನ್ನೂ ನೋಡುತ್ತೇವೆ. ಅಲ್ಲಿ ರಂಧ್ರವಿರುವುದು ಸಹಜ, ಹೊಟ್ಟೆಯಲ್ಲಿರುವ ಎಲ್ಲ ಮಕ್ಕಳಿಗೂ ಅದು ಇರಲೇಬೇಕು.

ಇಷ್ಟಕ್ಕೇ ಪರೀಕ್ಷೆ ಮುಗಿಯುವುದಿಲ್ಲ, ಮುಗಿಯಲೂಬಾರದು. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮಗುವನ್ನು ನೀಲಿಗಟ್ಟಿಸುವಂಥ ಕೆಲವು ದೋಷಗಳಲ್ಲಿ ನಾಲ್ಕು ಕೋಣೆಗಳು ತೀರಾ ಸಹಜವಾಗಿಯೇ ಕಾಣುತ್ತವೆ, ಏಕೆಂದರೆ ಅಲ್ಲಿ ಕೆಟ್ಟಿರುವುದು ಕೋಣೆಗಳಲ್ಲ, ಅವುಗಳಿಂದ ಹೊರಡುವ ದೊಡ್ಡ ರಕ್ತನಾಳಗಳು. ಆದ್ದರಿಂದ ಪ್ರೋಬನ್ನು ಮಗುವಿನ ತಲೆಯ ಕಡೆಗೆ ನಿಧಾನವಾಗಿ ಜಾರಿಸುತ್ತಾ, ಎಡ ಹೃತ್ಕುಕ್ಷಿಯಿಂದ ಮಹಾಪಧಮನಿ ಹೊರಡುವುದನ್ನೂ, ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶದ ಅಪಧಮನಿ ಹೊರಟು ಅದನ್ನು ಅಡ್ಡ ಹಾಯುವುದನ್ನೂ ನೋಡಬೇಕು. ಅಡ್ಡ ಹಾಯದೆ ಎರಡೂ ಜೊತೆಜೊತೆಯಾಗಿ ನೇರ ಏರಿದರೆ ನಾಳಗಳು ಅದಲುಬದಲಾಗಿವೆ ಎಂದು ಅರ್ಥ. ಇನ್ನೂ ಮೇಲೆ ಹೋದರೆ ಮೂರು ನಾಳಗಳು ದೊಡ್ಡದರಿಂದ ಚಿಕ್ಕದಕ್ಕೆ ಒಂದೇ ಸಾಲಿನಲ್ಲಿ ಕಾಣುತ್ತವೆ. ಅಲ್ಲಿಂದ ಕೂದಲಷ್ಟು ಮೇಲೆ ಎರಡು ದೊಡ್ಡ ನಾಳಗಳು ಶ್ವಾಸನಾಳದ ಎಡಬದಿಯಲ್ಲಿ ಚೂಪಾಗಿ ಕೂಡಿಕೊಳ್ಳುತ್ತವೆ. ಬಣ್ಣದ ಡಾಪ್ಲರ್ ಹಾಕಿದಾಗ ಎರಡರಲ್ಲೂ ಒಂದೇ ಬಣ್ಣ ಹರಿಯಬೇಕು. ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ನೀಲಿ ಕಂಡರೆ ಒಂದು ನಾಳದಲ್ಲಿ ರಕ್ತ ಹಿಮ್ಮುಖವಾಗಿ ಹರಿಯುತ್ತಿದೆ, ಹೃದಯದ ಒಂದು ಬದಿ ಕಟ್ಟಿಕೊಂಡಿದೆ ಎಂದು ತಿಳಿಯಬೇಕು. ನಿಮ್ಮ ಅನಾಮಲಿ ಸ್ಕ್ಯಾನ್ ವರದಿಯಲ್ಲಿ ‘ಔಟ್‌ಫ್ಲೋ ಟ್ರ್ಯಾಕ್ಟ್’ (ಹೃದಯದಿಂದ ಹೊರಡುವ ನಾಳಗಳು), ‘ತ್ರೀ ವೆಸೆಲ್ ವ್ಯೂ’ (ಮೂರು ನಾಳಗಳ ನೋಟ) ಎಂಬ ಸಾಲುಗಳ ಮುಂದೆ ಏನು ಬರೆದಿದೆ ನೋಡಿ. ನಾಲ್ಕು ಕೋಣೆಗಳ ಸಾಲು ಮಾತ್ರ ಇರುವ ವರದಿಯನ್ನು ನಾನು ಪೂರ್ಣವೆಂದು ಒಪ್ಪುವುದಿಲ್ಲ. ಮನೆಯಲ್ಲಿ ಯಾರಿಗೂ ಹೃದಯದ ತೊಂದರೆಯಿಲ್ಲದ ಬಸುರಿಯರೂ ಈ ಸಾಲನ್ನು ಕೇಳಿ ನೋಡಿಕೊಳ್ಳಬೇಕು ಎಂಬುದು ನನ್ನ ಕಳಕಳಿಯ ಮಾತು.

ಮಗು ಬೋರಲಾಗಿದ್ದರೆ, ಅಂದರೆ ಅದರ ಬೆನ್ನು ತಾಯಿಯ ಹೊಟ್ಟೆಯ ಕಡೆಗಿದ್ದರೆ, ಬೆನ್ನುಮೂಳೆ ಮತ್ತು ಪಕ್ಕೆಲುಬುಗಳ ನೆರಳು ಹೃದಯದ ಮೇಲೆ ಬಿದ್ದು ಚಿತ್ರ ಮಸುಕಾಗುತ್ತದೆ. ಅದರಲ್ಲಿ ಮಗುವಿನ ತಪ್ಪೂ ಇಲ್ಲ, ಡಾಕ್ಟರ ತಪ್ಪೂ ಇಲ್ಲ. ‘ಕಾಣಲಿಲ್ಲ, ಮತ್ತೆ ಬನ್ನಿ’ ಎಂದು ಬರೆದುಕೊಟ್ಟವರು ಪ್ರಾಮಾಣಿಕರು. ಕಾಣದ್ದನ್ನು ಸರಿಯಿದೆ ಎಂದು ಬರೆಯುವುದಕ್ಕಿಂತ ಇದು ಎಷ್ಟೋ ಮೇಲು. ಪರೀಕ್ಷೆಯ ದಿನ ಊಟ–ತಿಂಡಿ ಬಿಡಬೇಕಿಲ್ಲ. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಹಿಡಿಯಬಹುದು, ಮಗು ತಿರುಗದಿದ್ದರೆ ಸ್ವಲ್ಪ ಓಡಾಡಿ ಬನ್ನಿ ಎಂದಾರು. ಹೊಸನಗರದಿಂದ ಬಂದು ಅದೇ ದಿನ ಸಂಜೆಯ ಬಸ್ಸಿಗೆ ಮರಳುವ ಅವಸರವಿಟ್ಟುಕೊಳ್ಳಬೇಡಿ. ಮೊದಲ ಮಗಳ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ, ತಾಯಿ ಕಾರ್ಡ್, ಈವರೆಗಿನ ಎಲ್ಲ ಸ್ಕ್ಯಾನ್ ವರದಿಗಳನ್ನು ಮರೆಯದೆ ತನ್ನಿ. ಪರೀಕ್ಷೆಗೆ ಮೊದಲು ಒಂದು ನಮೂನೆಗೆ ಸಹಿ ಮಾಡಿಸಿಕೊಳ್ಳುತ್ತಾರೆ. ಅದು 1994ರ ಲಿಂಗ ಪತ್ತೆ ನಿಷೇಧ ಕಾಯ್ದೆಗೆ ಸಂಬಂಧಿಸಿದ್ದು. ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ ಅಪರಾಧ.

ಇನ್ನು, ಎಲ್ಲವೂ ತಿಳಿಯುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ. ದೊಡ್ಡ ದೋಷಗಳು, ಅಂದರೆ ಒಂದು ಕೋಣೆಯೇ ಬೆಳೆಯದಿರುವುದು, ನಾಳಗಳು ಅದಲುಬದಲಾಗಿರುವುದು, ಕವಾಟ ಮುಚ್ಚಿಹೋಗಿರುವುದು ಇವು ಅನುಭವಿಗಳ ಕೈಯಲ್ಲಿ ಬಹುಮಟ್ಟಿಗೆ ಸಿಕ್ಕಿಬೀಳುತ್ತವೆ. ಒಂದೆರಡು ಮಿಲಿಮೀಟರಿನ ಚಿಕ್ಕ ರಂಧ್ರಗಳು ಕಣ್ಣು ತಪ್ಪಿಸಬಹುದು. ಅವುಗಳಲ್ಲಿ ಎಷ್ಟೋ ತಾವಾಗಿಯೇ ಮುಚ್ಚಿಕೊಳ್ಳುವುದರಿಂದ ನಷ್ಟವಿಲ್ಲ. ಎ.ಎಸ್.ಡಿ. (ಮೇಲಿನ ಎರಡು ಕೋಣೆಗಳ ನಡುವೆ ಉಳಿಯುವ ರಂಧ್ರ) ಮತ್ತು ಪಿ.ಡಿ.ಎ. (ಎರಡು ದೊಡ್ಡ ನಾಳಗಳ ನಡುವಿನ ಅಡ್ಡನಾಳ ತೆರೆದೇ ಉಳಿಯುವುದು) ಎಂಬ ಎರಡು ದೋಷಗಳು ಇರುವುದು ಹುಟ್ಟುವ ಮೊದಲು ಎಲ್ಲ ಮಕ್ಕಳಲ್ಲೂ ತೆರೆದೇ ಇರುವ ದಾರಿಗಳಲ್ಲಿ. ಹಾಗಾಗಿ ಅವು ಮುಚ್ಚುತ್ತವೆಯೋ ಇಲ್ಲವೋ ಎಂದು ಮೊದಲೇ ಹೇಳಲಾಗದು. ಮಹಾಪಧಮನಿಯ ಒಂದು ಕಡೆ ಕಿರಿದಾಗುವ ಕೊಆರ್ಕ್ಟೇಶನ್ ಎಂಬ ದೋಷವೂ, ಶ್ವಾಸಕೋಶದಿಂದ ಮರಳುವ ನಾಳಗಳು ತಪ್ಪು ಜಾಗಕ್ಕೆ ಸೇರುವ ದೋಷವೂ ನುರಿತವರಿಗೂ ಕಷ್ಟವೇ. ಕೆಲವು ದೋಷಗಳು 20ನೇ ವಾರದಲ್ಲಿ ಇಲ್ಲದೆ ಬಸಿರು ಮುಂದುವರಿದಂತೆ ಬೆಳೆಯುವುದೂ ಉಂಟು. ಶಂಕೆಯಿದ್ದರೆ 28–32ನೇ ವಾರಗಳ ನಡುವೆ ಮತ್ತೊಮ್ಮೆ ನೋಡುತ್ತೇವೆ. ತಾಯಿಯ ಹೊಟ್ಟೆಯ ಕೊಬ್ಬು ಮತ್ತು ಗರ್ಭದ ನೀರಿನ ಪ್ರಮಾಣದ ಮೇಲೂ ಚಿತ್ರದ ಸ್ಪಷ್ಟತೆ ನಿಂತಿದೆ.

ವರದಿ ಕೈಗೆ ಬಂದಾಗ ಎಷ್ಟೋ ಮನೆಗಳಲ್ಲಿ ಅಳು ತರಿಸುವ ಒಂದು ಸಾಲಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ: ‘ಹೃದಯದಲ್ಲಿ ಬಿಳಿ ಚುಕ್ಕೆ’. ಹೃದಯದೊಳಗಿನ ಪುಟ್ಟ ಸ್ನಾಯುವಿನ ಮೇಲೆ ಹೊಳೆಯುವ ಈ ಚುಕ್ಕೆ ರಂಧ್ರವಲ್ಲ, ದೋಷವಲ್ಲ, ಹೃದಯದ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ. ಉಳಿದೆಲ್ಲವೂ ಸರಿಯಿದ್ದು, ಮಗುವಿನ ಕತ್ತಿನ ಹಿಂಭಾಗವನ್ನು ಅಳೆಯುವ ಮೂರನೇ ತಿಂಗಳಿನ ಎನ್.ಟಿ. ಸ್ಕ್ಯಾನ್ ಮತ್ತು ರಕ್ತಪರೀಕ್ಷೆಗಳೂ ಸರಿಯಿದ್ದರೆ ಅದನ್ನು ಮರೆತುಬಿಡಬಹುದು. ಆಗೊಮ್ಮೆ ಈಗೊಮ್ಮೆ ಬಡಿತ ತಪ್ಪುವುದೂ ಬಹುಮಟ್ಟಿಗೆ ನಿರಪಾಯಕಾರಿ.

ಇಷ್ಟೆಲ್ಲ ಕಷ್ಟಪಟ್ಟು ಮೊದಲೇ ತಿಳಿದುಕೊಂಡು ಮಾಡುವುದೇನು ಎಂಬ ನಿಮ್ಮ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಹೊಟ್ಟೆಯಲ್ಲಿರುವ ಮಗುವಿಗೆ ಆಮ್ಲಜನಕ ಬರುವುದು ಮಾಸುವಿನಿಂದ, ಹೊಕ್ಕುಳಬಳ್ಳಿಯ ಮೂಲಕ. ಅದರ ಶ್ವಾಸಕೋಶ ಇನ್ನೂ ಕೆಲಸ ಶುರುಮಾಡಿರುವುದಿಲ್ಲ. ಆದ್ದರಿಂದ ಬಲಗಡೆಯ ರಕ್ತದ ಬಹುಪಾಲು ಶ್ವಾಸಕೋಶಕ್ಕೆ ಹೋಗದೆ, ಡಕ್ಟಸ್ ಎಂಬ ಅಡ್ಡನಾಳದ ಮೂಲಕ ನೇರವಾಗಿ ಮಹಾಪಧಮನಿಗೆ ಸೇರುತ್ತದೆ. ಹೃದಯದ ಅರ್ಧ ಭಾಗವೇ ಬೆಳೆಯದ ಮಗುವೂ ಈ ವ್ಯವಸ್ಥೆಯಿಂದಾಗಿ ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಚೆನ್ನಾಗಿ ಬೆಳೆದು, ಮೂರು ಕಿಲೋ ತೂಗಿ, ಜೋರಾಗಿ ಅತ್ತು ಹುಟ್ಟಬಲ್ಲದು. ಹುಟ್ಟಿದ ಮೇಲೆ ಒಂದೆರಡು ದಿನಗಳಲ್ಲಿ ಡಕ್ಟಸ್ ತಾನಾಗಿ ಮುಚ್ಚತೊಡಗುತ್ತದೆ. ಆರೋಗ್ಯವಂತ ಮಗುವಿಗೆ ಅದರಿಂದ ಏನೂ ಆಗುವುದಿಲ್ಲ, ಆದರೆ ಶ್ವಾಸಕೋಶಕ್ಕೋ ದೇಹಕ್ಕೋ ರಕ್ತ ಹೋಗಲು ಅದೊಂದೇ ದಾರಿಯಾಗಿರುವ ಮಗು ಆಗ ಕುಸಿಯುತ್ತದೆ. ಹಾಲು ಬಿಡುತ್ತದೆ, ಮೈ ತಣ್ಣಗಾಗುತ್ತದೆ, ನೀಲಿಯೋ ಬೂದಿ ಬಣ್ಣವೋ ಆಗುತ್ತದೆ. ಸೋಂಕಿರಬೇಕೆಂದು ಚಿಕಿತ್ಸೆ ಶುರುವಾಗಿ, ಹೃದಯದ ಶಂಕೆ ಬಂದು, ಆಂಬುಲೆನ್ಸ್ ಹೊರಡುವ ಹೊತ್ತಿಗೆ ಮೂತ್ರಪಿಂಡವೂ ಮಿದುಳೂ ಪೆಟ್ಟು ತಿಂದಿರುತ್ತವೆ.

ಮೊದಲೇ ಗೊತ್ತಿದ್ದರೆ ಈ ಕಥೆ ಬೇರೆಯೇ ಆಗುತ್ತದೆ. ಹುಟ್ಟಿದ ಕೂಡಲೇ ಪ್ರೋಸ್ಟಗ್ಲಾಂಡಿನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಸತತವಾಗಿ ಕೊಟ್ಟು ಡಕ್ಟಸ್ ಮುಚ್ಚದಂತೆ ಹಿಡಿದಿಡಬಹುದು. ಈ ಔಷಧದಿಂದ ಕೆಲವು ಮಕ್ಕಳ ಉಸಿರಾಟ ನಿಲ್ಲುವ ಅಪಾಯವಿರುವುದರಿಂದ ವೆಂಟಿಲೇಟರ್ ಇರುವ ಕಡೆಯೇ ಕೊಡಬೇಕು. ನಾಳಗಳು ಅದಲುಬದಲಾದ ಮಗುವಿಗೆ ಹುಟ್ಟಿದ ದಿನವೇ ಸಣ್ಣ ಬಲೂನಿನಿಂದ ಮೇಲಿನ ಕೋಣೆಗಳ ನಡುವಿನ ರಂಧ್ರವನ್ನು ಹಿಗ್ಗಿಸಿ, ಮೊದಲ ಎರಡು–ಮೂರು ವಾರಗಳೊಳಗೆ ನಾಳಗಳನ್ನು ಸರಿಯಾದ ಜಾಗಕ್ಕೆ ಜೋಡಿಸುವ ಆಪರೇಷನ್ ಮಾಡುತ್ತಾರೆ. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕ ಈ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ಶಾಲೆಗೆ ಹೋಗುತ್ತಾರೆ, ಓಡುತ್ತಾರೆ, ಆಡುತ್ತಾರೆ.

ಮಲೆನಾಡಿನಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ನವಜಾತ ಶಿಶುವಿನ ಹೃದಯದ ಆಪರೇಷನ್ನಿಗೆ ಇಲ್ಲಿಂದ ಸಾಮಾನ್ಯವಾಗಿ ಹೋಗುವುದು ಬೆಂಗಳೂರಿಗೆ. ಶಿವಮೊಗ್ಗದಿಂದಲೇ ಅದು ಸುಮಾರು 300 ಕಿಲೋಮೀಟರ್. ಕರಾವಳಿಯ ಆಸ್ಪತ್ರೆಗಳಿಗೆ ಹೋಗುವುದಾದರೆ ಹುಲಿಕಲ್ ಘಾಟಿಯನ್ನೋ ಆಗುಂಬೆ ಘಾಟಿಯನ್ನೋ ಇಳಿಯಬೇಕು. ಜುಲೈ ಕೊನೆ ಎಂದರೆ ಮಳೆ ಹಿಡಿದು ಬಡಿಯುವ ಕಾಲ. ಗುಡ್ಡ ಜರಿದು ರಸ್ತೆ ಕಟ್ಟುವುದು, ಮರ ಬಿದ್ದು ಕರೆಂಟೂ ಫೋನೂ ಹೋಗುವುದು ನಿಮಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಅಂಥ ರಾತ್ರಿಯಲ್ಲಿ ಎರಡು ದಿನದ ನೀಲಿಗಟ್ಟಿದ ಕೂಸನ್ನು ಹೊತ್ತು ಘಾಟಿ ಇಳಿಯುವುದಕ್ಕೂ, ಅದೇ ಕೂಸನ್ನು ಹೊಟ್ಟೆಯಲ್ಲಿಟ್ಟುಕೊಂಡು ತಾಯಿ ಎರಡು ವಾರ ಮೊದಲೇ ಹಗಲಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಆಸ್ಪತ್ರೆಯ ಹತ್ತಿರ ಉಳಿಯುವುದಕ್ಕೂ ಇರುವ ಅಂತರ ಪ್ರಾಣದಷ್ಟು ದೊಡ್ಡದು. ತಾಯಿಯ ಗರ್ಭಕ್ಕಿಂತ ಸುರಕ್ಷಿತವಾದ ಆಂಬುಲೆನ್ಸ್ ಈ ಮಕ್ಕಳಿಗೆ ಇನ್ನೊಂದಿಲ್ಲ. ಹುಟ್ಟುವ ಮೊದಲೇ ರೋಗ ಕಂಡುಹಿಡಿಯುವುದರ ದೊಡ್ಡ ಲಾಭ, ಹೆರಿಗೆಯ ಜಾಗವನ್ನು ನಾವೇ ಆರಿಸಿಕೊಳ್ಳಲು ಸಿಗುವ ಅವಕಾಶ.

ಒಂದು ವೇಳೆ ಎಕೋದಲ್ಲಿ ದೋಷ ಕಂಡರೆ, ಅದರ ಉದ್ದನೆಯ ಹೆಸರನ್ನು ಬಾಯಿಪಾಠ ಮಾಡುವುದಕ್ಕಿಂತ ಡಾಕ್ಟರನ್ನು ಈ ಒಂದು ಪ್ರಶ್ನೆ ಕೇಳಿ: ‘ಹುಟ್ಟಿದ ಮೊದಲ ಒಂದೆರಡು ದಿನಗಳಲ್ಲೇ ಮಗುವಿಗೆ ಹೃದಯದ ಚಿಕಿತ್ಸೆ ಬೇಕಾಗುತ್ತದೆಯೇ?’ ಬೇಕು ಎಂದಾದರೆ ಹೆರಿಗೆ ಎಲ್ಲಿ ಎಂಬ ತೀರ್ಮಾನ ಅಲ್ಲಿಗೇ ಆದಂತೆ. ಹೃದಯದ ದೋಷವಿದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗುವುದು ಅಪರೂಪ, ಹೆಚ್ಚಿನವರಿಗೆ ಸಹಜ ಹೆರಿಗೆಯೇ ಆಗಬಹುದು. ಬೇಗ ಹೆರಿಗೆ ಮಾಡಿಸಿ ಎಂದು ಒತ್ತಾಯಿಸಲೂಬೇಡಿ, ತಿಂಗಳು ತುಂಬಿ ತೂಕ ಬಂದ ಮಗು ಆಪರೇಷನ್ನನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಕೆಲವು ದೋಷಗಳ ಜೊತೆಗೆ ವರ್ಣತಂತುಗಳ ತೊಂದರೆಯೂ ಇರುವುದರಿಂದ ಗರ್ಭದ ನೀರಿನ ಪರೀಕ್ಷೆಯನ್ನು ಸೂಚಿಸಬಹುದು. ಹೊಟ್ಟೆಯಲ್ಲಿರುವಾಗಲೇ ಚಿಕಿತ್ಸೆ ಸಾಧ್ಯವಿರುವುದು ಮುಖ್ಯವಾಗಿ ಹೃದಯ ಅತಿವೇಗವಾಗಿ ಬಡಿಯುವ ತೊಂದರೆಗೆ: ತಾಯಿಗೆ ಕೊಟ್ಟ ಮಾತ್ರೆ ಮಾಸುವನ್ನು ದಾಟಿ ಮಗುವಿನ ಬಡಿತವನ್ನು ಹತೋಟಿಗೆ ತರುತ್ತದೆ.

ತೀರಾ ಗಂಭೀರ ದೋಷವಿದ್ದಾಗ ಬಸಿರನ್ನು ಮುಂದುವರಿಸಬೇಕೇ ಎಂಬ ಪ್ರಶ್ನೆಯನ್ನೂ ಕೆಲವು ದಂಪತಿಗಳು ಎದುರಿಸಬೇಕಾಗುತ್ತದೆ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ, ಮಗುವಿನ ಗಂಭೀರ ಅಂಗದೋಷದ ಕಾರಣಕ್ಕೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ, ಆ ಮೇಲೆ ವೈದ್ಯಕೀಯ ಮಂಡಳಿಯ ಒಪ್ಪಿಗೆಯ ಮೇಲೆ ಗರ್ಭಪಾತಕ್ಕೆ ಅವಕಾಶವಿದೆ. ಆ ನಿರ್ಧಾರ ದಂಪತಿಗಳದು, ಮುಖ್ಯವಾಗಿ ತಾಯಿಯದು. ಮಕ್ಕಳ ಹೃದಯತಜ್ಞರ ಜೊತೆ ಕುಳಿತು ಆಪರೇಷನ್ನಿನ ಫಲಿತಾಂಶ ಹೇಗಿರುತ್ತದೆ ಎಂದು ಕೇಳಿ ತಿಳಿಯದೆ ಯಾರೂ ಅದನ್ನು ತೆಗೆದುಕೊಳ್ಳಬಾರದು. 22ನೇ ವಾರ ದಾಟಿಸಬೇಡಿ ಎಂದು ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ: ಯೋಚಿಸಲು, ಇನ್ನೊಬ್ಬರ ಅಭಿಪ್ರಾಯ ಕೇಳಲು ಸಮಯ ಉಳಿಯಬೇಕು.

ಖರ್ಚಿನ ಚಿಂತೆಗೆ ಎರಡು ಮಾತು. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಬಂದ ಹೃದಯದೋಷ ಸೇರಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯ ಮೂಲಕವೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಕಾಗದಪತ್ರಗಳನ್ನು ಮಳೆಗಾಲಕ್ಕೆ ಮೊದಲೇ ಸರಿಮಾಡಿಟ್ಟುಕೊಳ್ಳಿ.

ಕೊನೆಗೆ ತವರಿನ ಬಾಣಂತನದ ವಿಷಯ. ಎಕೋ ಪೂರ್ತಿ ಸರಿಯಿದ್ದರೆ ಕೊಪ್ಪಕ್ಕೆ ಹೋಗಲು ನನ್ನ ಅಡ್ಡಿಯಿಲ್ಲ, ಹೆರಿಗೆ ಮಾತ್ರ ಮಕ್ಕಳ ಡಾಕ್ಟರಿರುವ ಆಸ್ಪತ್ರೆಯಲ್ಲೇ ಆಗಲಿ. ಮೊದಲ ಮಗಳಿಗಿದ್ದಂಥ ವಿ.ಎಸ್.ಡಿ. ಮಾತ್ರ ಕಂಡರೂ ಬೆಂಗಳೂರಿಗೆ ಓಡಬೇಕಿಲ್ಲ; ಆ ದೋಷ ಹುಟ್ಟಿದ ದಿನ ತೊಂದರೆ ಕೊಡುವಂಥದ್ದಲ್ಲ, ನವಜಾತ ಶಿಶುಗಳ ಘಟಕವಿರುವ ಶಿವಮೊಗ್ಗದ ಆಸ್ಪತ್ರೆ ಸಾಕು. ಎರಡೂ ಸಂದರ್ಭದಲ್ಲಿ, ಹುಟ್ಟಿ 24 ಗಂಟೆ ಕಳೆದ ಮೇಲೆ, ಮನೆಗೆ ಕರೆದೊಯ್ಯುವ ಮೊದಲು, ಮಗುವಿನ ಬಲಗೈಗೂ ಒಂದು ಪಾದಕ್ಕೂ ಪಲ್ಸ್ ಆಕ್ಸಿಮೀಟರ್ ಪಟ್ಟಿ ಸುತ್ತಿ ನೋಡಲು ಕೇಳಿ. ಎರಡರಲ್ಲೂ ಶೇ 95 ಅಥವಾ ಅದಕ್ಕಿಂತ ಹೆಚ್ಚು ಬಂದು, ನಡುವಿನ ವ್ಯತ್ಯಾಸ ಶೇ 3ಕ್ಕಿಂತ ಹೆಚ್ಚಿಲ್ಲದಿದ್ದರೆ ಸರಿ. ನೋವಿಲ್ಲದ ಈ ಪರೀಕ್ಷೆ ಐದು ನಿಮಿಷದ್ದು, ಸ್ಕ್ಯಾನ್ ಕಣ್ಣಿಗೆ ತಪ್ಪಿದ ಕೆಲವು ಗಂಭೀರ ದೋಷಗಳನ್ನು ಹಿಡಿದುಕೊಡುತ್ತದೆ. ಆದರೆ ರಂಧ್ರದ ದೋಷದಲ್ಲಿ ಈ ಅಂಕಿಗಳು ಸರಿಯಾಗಿಯೇ ಇರುತ್ತವೆ. ಅದರ ಲಕ್ಷಣಗಳು ಹೊರಬೀಳುವುದು ನಾಲ್ಕರಿಂದ ಆರು ವಾರ ಕಳೆದ ಮೇಲೆ. ಮೊಲೆಹಾಲು ಕುಡಿಯುವಾಗ ಹಣೆ ಬೆವರುವುದು, ಎರಡು ಗುಟುಕಿಗೇ ದಣಿದು ಬಿಡುವುದು, ಏದುಸಿರು, ತೂಕ ಏರದಿರುವುದು ಇವನ್ನು ಮೊದಲ ಮಗಳಲ್ಲಿ ಕಂಡಿದ್ದರೆ ನಿಮಗೆ ಚೆನ್ನಾಗಿ ನೆನಪಿರಬೇಕು. ಹಾಗಾಗಿ ಗರ್ಭದಲ್ಲಿ ಎಕೋ ಸರಿಯಿದ್ದರೂ ಮಗುವಿಗೆ ಆರನೇ ವಾರ ತುಂಬಿದಾಗ, ಆಗಿನ ಲಸಿಕೆಗೆ ಕರೆದೊಯ್ಯುವ ದಿನವೇ, ಮಕ್ಕಳ ಡಾಕ್ಟರಿಂದ ಹೃದಯದ ಸದ್ದು ಕೇಳಿಸಿ, ಅಗತ್ಯವೆಂದರೆ ಒಂದು ಎಕೋ ಮಾಡಿಸಿ.